ಹಳೆ ಪೈರೆಕ್ಸ್ ಬಟ್ಟಲು ಗ್ಯಾಸ್ ಮೇಲೆ ಇಡಬೇಡಿ

ಡೊಂಬಿವಲಿಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ: ಹಳೆ ಪೈರೆಕ್ಸ್ (ಅಡುಗೆಮನೆಯ ಗಾಜಿನ ಪಾತ್ರೆಗಳ ಬ್ರ್ಯಾಂಡ್) ಎಲ್ಲವೂ ಬೋರೋಸಿಲಿಕೇಟ್, ಅಂದರೆ ದಿಢೀರ್ ಬಿಸಿ-ತಂಪು ತಾಳುವ ಗಾಜು, ಫ್ರಿಜ್‌ನಿಂದ ತೆಗೆದು ಸೀದಾ ಗ್ಯಾಸ್ ಮೇಲೆ ಇಡಬಹುದು ಅಂತ. ತಪ್ಪು. 1915ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಮಾರಾಟಕ್ಕೆ ತಂದ ಪಾತ್ರೆಗಳು ಬೋರೋಸಿಲಿಕೇಟ್ ನಿಜ, ಆದರೆ ಮುಂಬೈನ ಹಳೆ ಸಾಮಾನಿನ ಸಂತೆ ಚೋರ್ ಬಜಾರ್‌ನಲ್ಲಿ ನಾವು ಚೌಕಾಸಿ ಮಾಡಿ ತರುವ, ಹೊರಗೆ ಹಳದಿ ಒಳಗೆ ಹಾಲುಬಿಳಿ ಇರೋ ಆ ಬಟ್ಟಲುಗಳು 1940ರ ದಶಕದಿಂದ ಬಂದ ಸೋಡಾ-ಲೈಮ್ ಗಾಜು, ಅಂದರೆ ಬಾಟಲಿ-ಕಿಟಕಿಗಳ ಮಾಮೂಲಿ ಗಾಜಿನ ಜಾತಿ; ದಿಢೀರ್ ಬಿಸಿ ಅಷ್ಟು ತಾಳಲ್ಲ. ಫ್ರಿಜ್‌ನಿಂದ ತೆಗೆದ ನನ್ನ ಬಟ್ಟಲಿಗೆ ಕುದಿಯುವ ಸಾರು ಸುರಿದೆ, ಟಪ್ ಅಂತ ಚೂರುಚೂರು, ಸಾರೆಲ್ಲ ಕಟ್ಟೆ ಮೇಲೆ! ಬೋರೋಸಿಲಿಕೇಟ್ ಆದರೂ ಓವನ್ ಪಾತ್ರೆ ಉರಿಗಲ್ಲ. ಹಾಂ, ಹೊರಗಿನ ಹಳೆ ಬಣ್ಣದಲ್ಲಿ ಸೀಸ ಇರಬಹುದು, ಪುಡಿ ಉದುರುತ್ತಿದ್ದರೆ ಸುಮ್ನೆ ಶೋಕೇಸಿನಲ್ಲಿಡಿ.