ಸ್ಪಷ್ಟನೆ: ‘ಬ್ರೀಝಿನ್’ ಪೂರ್ತಿ ಬೆನ್ಸನ್ ಬರೆದದ್ದಲ್ಲ
ಅಮೆರಿಕದ ಜಾಝ್ ಗಿಟಾರ್ ವಾದಕ, ಗಾಯಕ ಜಾರ್ಜ್ ಬೆನ್ಸನ್ ಅವರ 1976ರ ‘ಬ್ರೀಝಿನ್’ ಆಲ್ಬಮ್‌ನ ಹಾಡುಗಳೆಲ್ಲ ಅವರದೇ ರಚನೆ, ಅವರು ಮೊದಲು ಹಾಡಿದ್ದೂ ಅದರಲ್ಲೇ ಅಂತ ಅಭಿಮಾನಿಗಳ ನಡುವೆ ಒಂದು ಮಾತು ಓಡಾಡುತ್ತಿದೆ. ಎರಡೂ ತಪ್ಪು. ಆಲ್ಬಮ್‌ಗೆ ಹೆಸರು ಕೊಟ್ಟ ಟ್ಯೂನ್ ಬಾಬಿ ವೊಮ್ಯಾಕ್ ಅವರದು, ಅದನ್ನು ಗಿಟಾರ್ ವಾದಕ ಗಾಬೋರ್ ಸಾಬೊ 1971ರಲ್ಲೇ ನುಡಿಸಿದ್ದರು. ‘ದಿಸ್ ಮಾಸ್ಕ್ವೆರೇಡ್’ ಲಿಯಾನ್ ರಸೆಲ್ ಅವರದು. ಆರು ಟ್ರ್ಯಾಕ್‌ಗಳಲ್ಲಿ ಬೆನ್ಸನ್ ಬರೆದದ್ದು ಒಂದೇ, ‘ಸೋ ದಿಸ್ ಈಸ್ ಲವ್?’. ಹಾಡಿದ್ದೂ ಒಂದೇ, ‘ದಿಸ್ ಮಾಸ್ಕ್ವೆರೇಡ್’, ಅದಕ್ಕೇ ಗ್ರ್ಯಾಮಿ ಬಂತು! ಆದರೆ ಅವರು ಮೊದಲು ಹಾಡಿದ್ದು ಅದರಲ್ಲೇ ಅನ್ನೋದೂ ಸರಿಯಲ್ಲ, 1970ರ ‘ದಿ ಅದರ್ ಸೈಡ್ ಆಫ್ ಆ್ಯಬಿ ರೋಡ್’ ಆಲ್ಬಮ್‌ನಲ್ಲೇ ಅವರು ಹಾಡಿದ್ದರಲ್ವಾ? ಹಾಗಂತ ‘ಬ್ರೀಝಿನ್’ ಮೇಲಿನ ಪ್ರೀತಿ ಕಮ್ಮಿ ಮಾಡಿಕೊಳ್ಳಬೇಕಿಲ್ಲ. ಗಿಟಾರ್ ಜೊತೆಜೊತೆಗೇ ಅದೇ ಸ್ವರವನ್ನು ಗುನುಗುವ ಆ ಜಾಣ್ಮೆ ಮಾತ್ರ ಅಪ್ಪಟ ಬೆನ್ಸನ್ ಅವರದೇ.