ಗಂಜ್ ಕಾಕಾನ ಬೆರಳು

ಹೊಸ ಟ್ಯಾಬ್ ಬಂತೆಂದರೆ ಸಾಕು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಪ್ರೊಸೆಸರ್ ಯಾವುದು, ಪರದೆ ಎಷ್ಟು ನುಣುಪು ಅಂತ ಎಲ್ಲರೂ ಹೇಳುತ್ತಾರೆ. ಎಂಜಲು ಬಿದ್ದರೆ ಏನಾಗುತ್ತದೆ ಅಂತ ಮಾತ್ರ ಒಬ್ಬನೂ ಹೇಳುವುದಿಲ್ಲ. ನಾನು ಹೇಳುತ್ತೇನೆ. ಈಗಷ್ಟೇ ಒರೆಸಿ ಕೂತಿದ್ದೇನೆ, ಸಿಟ್ಟು ಇನ್ನೂ ಆರಿಲ್ಲ.

ಟ್ಯಾಬ್ ಮನೆಗೆ ಬಂದದ್ದಕ್ಕೆ ಮೂಲ ಕಾರಣ ಬಿಸಿಲು. ಏಪ್ರಿಲ್, ಮೇ ಬಂದರೆ ನಮ್ಮ ಕಲಬುರಗಿ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಬೆಂಗಳೂರಿನ ನೆಂಟರು ಇದನ್ನು ಕೇಳಿ ಹೊಟ್ಟೆ ಉರಿದುಕೊಳ್ಳುತ್ತಾರೆ. 43 ಡಿಗ್ರಿಯಲ್ಲಿ ಗಾಡಿ ಮೇಲೆ ಜಗತ್ ಸರ್ಕಲ್ ದಾಟಿ ಮನೆ ಸೇರುವ ಸುಖ ಅವರಿಗೇನು ಗೊತ್ತು! ಬಂದು, ಕಟಿ ರೊಟ್ಟಿ, ಪುಂಡಿ ಪಲ್ಯ ಉಂಡು ಕೂಲರ್ ಮುಂದೆ ಬಿದ್ದುಕೊಂಡರೆ ಸಂಜೆ ಆರರ ತನಕ ಹೊಸ್ತಿಲು ದಾಟುವ ಮಾತಿಲ್ಲ. ಆ ಹೊತ್ತಿನಲ್ಲಿ ಓದಿಕೊಂಡು, ಒಂದಿಷ್ಟು ಸಿನಿಮಾ ನೋಡಿಕೊಂಡು ಒಬ್ಬನೇ ಆರಾಮಾಗಿ ಇರೋಣ ಅಂತ ಮೊನ್ನೆ ಮೊನ್ನೆ ಬಿಡುಗಡೆಯಾದ 11 ಇಂಚಿನದೊಂದನ್ನು ಕಂತಿನ ಮೇಲೆ ತಂದೆ. ‘ಒಬ್ಬನೇ’ ಅನ್ನುವ ಶಬ್ದವನ್ನು ದಯವಿಟ್ಟು ಗಮನಿಸಿ. ಅಂಥ ಹೊತ್ತು ಇವತ್ತಿನ ತನಕ ಬಂದಿಲ್ಲ.

ಟ್ಯಾಬ್ ಚಲೋ ಇದೆ, ಸುಳ್ಳು ಹೇಳಬಾರದು. ಅಕ್ಷರ ಸ್ಪಷ್ಟ, ದನಿ ಗಟ್ಟಿ. ಡಬ್ಬಿಯೊಳಗೆ ಮಾತ್ರ ಒಂದು ವೈರು ಬಿಟ್ಟರೆ ಕೈಗೆ ಹತ್ತುವಂಥದ್ದು ಏನೂ ಇಲ್ಲ. ಚಾರ್ಜರ್ ಬೇರೆ ದುಡ್ಡು, ಪೆನ್ನು ಬೇರೆ ದುಡ್ಡು, ಕವರು ಬೇರೆ ದುಡ್ಡು. ಗಾಜಿನ ಮೇಲೆ ಅಂಟಿಸುವ ಗಾರ್ಡ್ ಕೇಳಲಿಕ್ಕೆ ಸೂಪರ್ ಮಾರ್ಕೆಟ್ ಅನ್ನುವ ನಮ್ಮೂರ ಪೇಟೆಗೆ ಹೋದರೆ ಅಂಗಡಿ ಹುಡುಗ ಟ್ಯಾಬನ್ನು ತಿರುಗಿಸಿ ಮುರುಗಿಸಿ ನೋಡಿ, “ಭಾಳ ಹೊಸಾದ್ರಿ ಸರ, ಇದರದು ಹೈದರಾಬಾದಿಗೇ ಬಂದಿಲ್ಲ, ನಮ್ಮಲ್ಲಿ ಎಲ್ಲಿಂದ ಬರಬೇಕು?” ಅಂದ. ಹೊಸದನ್ನು ಎಲ್ಲರಿಗಿಂತ ಮೊದಲು ಕೊಂಡ ಹೆಮ್ಮೆ ಅಲ್ಲಿಗೆ ಇಳಿಯಿತು. ಗಾಜು ಬರಿಮೈಯಲ್ಲಿ ಉಳಿಯಿತು. ಆ ಬರಿ ಗಾಜಿನ ಮೇಲೆ ಗಂಜ್ ಕಾಕಾನ ಬೆರಳು ಬಿತ್ತು.

ಕಾಕಾ ನಮ್ಮ ಓಣಿಯವರು. ನಮ್ಮೂರ ಕಾಳಿನ ಪೇಟೆ ನೆಹರು ಗಂಜಿನ ಅಡತ್ (ದಲಾಲಿ) ಅಂಗಡಿಯೊಂದರಲ್ಲಿ ಜೀವಮಾನವಿಡೀ ಮುನೀಮಕಿ, ಅಂದರೆ ಲೆಕ್ಕ ಬರೆಯುವ ಕೆಲಸ, ಮಾಡಿದವರು. ಅವರ ಮನೆಯ ಕೂಲರ್ ಗಾಳಿಗಿಂತ ಸದ್ದು ಹೆಚ್ಚು ಕೊಡುತ್ತದೆ, ಅದಕ್ಕೇ ಮಧ್ಯಾಹ್ನ ನಮ್ಮಲ್ಲಿಗೆ. ಟ್ಯಾಬನ್ನು ಮೊದಲ ಸಲ ಕೈಗೆ ತಗೊಂಡಾಗ ಅವರು ಪರದೆ ನೋಡಲೇ ಇಲ್ಲ. ಅಂಗೈ ಮೇಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿದರು.

“ಅರ್ಧಾ ಕಿಲೋ. ಎಷ್ಟ ಕೊಟ್ಟಿ?”

“ಇಪ್ಪತ್ತೆಂಟು ಸಾವಿರ ಕಾಕಾ.”

ಕಾಕಾ ಕಣ್ಣು ಮುಚ್ಚಿದರು. ತುಟಿ ಅಲ್ಲಾಡಿದವು. “ಕ್ವಿಂಟಲ್ಲಿಗೆ ಐವತ್ತಾರು ಲಕ್ಷ ಬಿತ್ತು. ತೊಗರಿಗೆ ಸರ್ಕಾರ ಎಂಟು ಸಾವಿರ ಬೆಂಬಲ ಬೆಲಿ ಕಟ್ಟಿದ್ರ ನಾವು ಭಾಳ ಅಂತೀವಿ. ತಮ್ಮಾ, ನಿನ್ನ ಕೈಯಾಗ ಮೂರೂವರಿ ಕ್ವಿಂಟಲ್ ತೊಗರಿ ಅದ, ಸಾವಕಾಶ ಹಿಡಿ.”

ಡಬ್ಬಿಯ ಮೇಲೆ 128 ಜಿಬಿ ಅಂತ ಬರೆದದ್ದು, ಒಳಗೆ ಅಷ್ಟು ಜಾಗ ಇಲ್ಲದ್ದು ಕೂಡ ಅವರ ಕಣ್ಣಿಗೇ ಮೊದಲು ಬಿತ್ತು. ಕಂಪನಿಯವರು ನೂರು ಕೋಟಿ ಬೈಟಿಗೆ ಒಂದು ಜಿಬಿ ಅಂತ ಎಣಿಸುತ್ತಾರೆ, ಯಂತ್ರ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಹಾಗಾಗಿ 128 ಇದ್ದದ್ದು 119 ಆಗುತ್ತದೆ, ಅದರ ಮೇಲೆ ಒಳಗಿನ ಸಾಫ್ಟ್‌ವೇರ್ ತನ್ನ ಪಾಲು ತಗೊಳ್ಳುತ್ತದೆ ಅಂತ ಬಿಡಿಸಿ ಹೇಳಿದೆ. ನಮ್ಮ ಆಫೀಸಿನ ಕಂಪ್ಯೂಟರ್ ಆಪರೇಟರಿಗೂ ತಲೆಗೆ ಹೋಗದ ಈ ವಿಷಯ ಕಾಕಾಗೆ ಒಂದೇ ಏಟಿಗೆ ಹೋಯಿತು. “ಹಮಾಲಿ, ದಲಾಲಿ ಮುರ್ಕೊಂಡು ಕೊಟ್ಟಾರ ಅನ್ನು. ಇದರಾಗೇನದ ತಿಳಿಲಾರದ್ದು?”

ಇಲ್ಲಿಯವರೆಗೆ ಚೆನ್ನಾಗಿಯೇ ಇತ್ತು. ಆಮೇಲೆ ಪೇಪರ್ ಓದಬೇಕು ಅಂದರು. ಇ-ಪೇಪರ್ ತೆರೆದು ಕೊಟ್ಟೆ. ಕಾಕಾ ಬಲಗೈ ತೋರುಬೆರಳನ್ನು ಎತ್ತಿ, ನಾಲಗೆಯ ತುದಿಗೆ ಮುಟ್ಟಿಸಿ, ಪರದೆಯ ಬಲ ಮೂಲೆಗೆ ಒತ್ತಿ ಎಡಕ್ಕೆ ಎಳೆದರು.

ಕಿರ್ದಿ, ಖತಾವಣಿ ಪುಸ್ತಕಗಳ ಹಾಳೆ ತಿರುವಿ ತಿರುವಿ ಬೆಳೆದ ಬೆರಳು ಅದು. ಹಾಳೆ ಅಂದರೆ ಎಂಜಲು, ಎಂಜಲು ಅಂದರೆ ಹಾಳೆ. “ಕಾಕಾ, ಇದಕ್ಕ ಹಸಿ ಬ್ಯಾಡ್ರಿ, ಹಂಗೇ ಎಳೀರಿ” ಅಂದೆ. “ಹೂಂ” ಅಂದು ಮತ್ತೆ ನಾಲಗೆಗೆ ಮುಟ್ಟಿಸಿದರು. ಅವರಿಗೆ ಅದು ಗೊತ್ತೇ ಆಗುವುದಿಲ್ಲ. ಬೆರಳು ಬಾಯಿಗೆ ಹೋಗುವುದಕ್ಕೂ ಕಾಕಾಗೂ ಸಂಬಂಧವಿಲ್ಲ, ಅದು ಬೆರಳು ಮತ್ತು ನಾಲಗೆ ತಮ್ಮೊಳಗೆ ಮಾಡಿಕೊಂಡ ಒಪ್ಪಂದ.

ಇಂಥ ಪರದೆಯ ಗುಟ್ಟೆಂದರೆ, ಗಾಜಿನ ಕೆಳಗೆ ಕಣ್ಣಿಗೆ ಕಾಣದ ತೆಳು ಗೆರೆಗಳ ಬಲೆ ಇರುತ್ತದೆ. ನಮ್ಮ ಮೈ ವಿದ್ಯುತ್ ಹರಿಯಬಿಡುವ ವಸ್ತುವಾದ್ದರಿಂದ ಬೆರಳು ಮುಟ್ಟಿದ ಕಡೆ ಆ ಬಲೆಯ ವಿದ್ಯುತ್ತಿನಲ್ಲಿ ಏರುಪೇರಾಗುತ್ತದೆ, ಅದನ್ನೇ ಟ್ಯಾಬ್ ‘ಮುಟ್ಟಿದರು’ ಅಂತ ತಿಳಿಯುತ್ತದೆ. ಎಂಜಲೂ ವಿದ್ಯುತ್ ಹರಿಯಬಿಡುತ್ತದೆ. ಬೆರಳು ಎತ್ತಿದರೂ ಹಸಿ ಅಲ್ಲೇ ಉಳಿದರೆ ಟ್ಯಾಬಿಗೆ ಎಷ್ಟು ಬೆರಳು, ಯಾರ ಬೆರಳು ಒಂದೂ ತಿಳಿಯದೆ ತಲೆ ಕೆಡುತ್ತದೆ. ಒಮ್ಮೆ ಅಕ್ಷರ ಬೆರಳು ಗಾತ್ರ ಆಗುತ್ತದೆ, ಒಮ್ಮೆ ಸಾಸಿವೆ ಗಾತ್ರ. ನಿಧನ ವಾರ್ತೆ ಓದುತ್ತಿದ್ದವರು ಟೆಂಡರ್ ಪ್ರಕಟಣೆಗೆ ಬಂದಿರುತ್ತಾರೆ. ಕಾಕಾ ಬೇಜಾರಿಲ್ಲದೆ ಟೆಂಡರನ್ನೂ ಓದುತ್ತಾರೆ, ದನಿ ತೆಗೆದು, ಮೊಹರಾದ ಲಕೋಟೆಯ ತನಕ.

ಕಳೆದ ವಾರದ್ದು ಮಾತ್ರ ಟೆಂಡರಿಗೆ ಮುಗಿಯಲಿಲ್ಲ. ಹಸಿ ಬೆರಳು ಪುಟ ತಿರುವುವ ಬದಲು ಮೇಲಿದ್ದ ಊರೂರಿನ ಆವೃತ್ತಿಗಳ ಪಟ್ಟಿಯನ್ನು ತೆರೆಯಿತು, ಮೂಲೆಯಲ್ಲಿ ಉಳಿದ ಹಸಿ ಮೈಸೂರನ್ನು ಆರಿಸಿತು. ನಾನು ತೂಕಡಿಸುತ್ತಿದ್ದೆ. ಕಾಕಾ ಗಟ್ಟಿಯಾಗಿ ಓದಿದರು: ಇಂದು ಸಂಜೆ ಗುಡುಗು ಸಹಿತ ಮಳೆ ಸಾಧ್ಯತೆ. ಓದಿದವರೇ ಧೋತರದ ಚುಂಗು ಹಿಡಿದು ಎದ್ದರು. ಆ ಉರಿಬಿಸಿಲಲ್ಲಿ ಓಣಿಗಿಳಿದು, “ಏ, ಸಂಜಿಗಿ ಗುಡುಗು ಮಳಿ ಅದ, ಪೇಪರ್‌ನ್ಯಾಗ ಬಂದದ, ಮಾಳಗಿ ಮ್ಯಾಲಿಂದ ತಗೀರೆವ್ವಾ!” ಅಂತ ಸಾರುತ್ತ ಹೋದರು. ಗಂಜ್ ಕಾಕಾ ಸುಳ್ಳು ಹೇಳುವ ಮನುಷ್ಯ ಅಲ್ಲ ಅಂತ ಓಣಿಗೆಲ್ಲ ಗೊತ್ತು. ಹತ್ತು ಮಾಳಿಗೆ ಮೇಲಿನ ಹಪ್ಪಳ, ಸಂಡಿಗಿ, ಶ್ಯಾವಿಗಿ, ಒಣಹಾಕಿದ ಖಾರದ ಮೆಣಸಿನಕಾಯಿ ಅರ್ಧ ತಾಸಿನಲ್ಲಿ ಕೆಳಗಿಳಿದವು. ಬರಿಗಾಲಲ್ಲಿ ಮಾಳಿಗೆ ಹತ್ತಿದ ಕಾಕುಗೆ ಅಂಗಾಲು ಸುಟ್ಟವು.

ಸಂಜೆ ಆಕಾಶ ತೊಳೆದಿಟ್ಟಷ್ಟು ಸ್ವಚ್ಛ. ಹೆಂಗಸರೆಲ್ಲ ಕಟ್ಟೆ ಮೇಲೆ ಕೂತು ಮೇಲೆ ನೋಡಿದರು, ಆಮೇಲೆ ನಮ್ಮ ಮನೆ ಬಾಗಿಲ ಕಡೆ ನೋಡಿದರು. ಕಾಕಾ ತಪ್ಪು ಓದಿದರು ಅಂತ ಒಬ್ಬರಾದರೂ ಅನ್ನಬೇಕಲ್ಲ? ಇಲ್ಲ. “ಅವರ ಟ್ಯಾಬ್ ಖೊಟ್ಟಿ ಅದ” ಅಂತ ತೀರ್ಮಾನವಾಯಿತು. ಕಾಕಾ ಸ್ವತಃ ನನ್ನ ಹೆಗಲ ಮೇಲೆ ಕೈಯಿಟ್ಟು, “ರಸೀದಿ ಅದ ಏನು? ವಾಪಸ್ ಕೊಟ್ಟು ಬಾ” ಅಂದರು. ಅರ್ಧ ಒಣಗಿ ಮುದುಡಿದ ಸಂಡಿಗೆಗೆ ನಾನು ಈಗಲೂ ಹೊಣೆಗಾರ.

ಮನೆಯವರದ್ದು ಬೇರೆ ಕಥೆ. ನಮ್ಮಾಕಿ ಜೋಳದ ಹಿಟ್ಟಿನ ಕೈಯಲ್ಲೇ ಅಡುಗೆ ವಿಡಿಯೋ ನಿಲ್ಲಿಸುತ್ತಾಳೆ, ಮಗಳು ನನ್ನ ಮುಖದ ಬೀಗ ತೆಗೆದು ತನ್ನ ಮುಖ ಹಾಕಿಕೊಂಡಿದ್ದಾಳೆ. ಈಗ ನನ್ನ ಟ್ಯಾಬ್ ತೆರೆಯಬೇಕಾದರೆ ಅವಳನ್ನು ನಿದ್ದೆಯಿಂದ ಎಬ್ಬಿಸಬೇಕು.

ಇನ್ನು ಬಿಸಿಲು. ಜೊತೆಗೆ ಬಂದ ಸಣ್ಣಕ್ಷರದ ಕಾಗದದಲ್ಲಿ ಸೊನ್ನೆಯಿಂದ 35 ಡಿಗ್ರಿಯೊಳಗೆ ಬಳಸಿ ಅಂತ ಇದೆ. ನಮ್ಮಲ್ಲಿ ಈ ದಿನಗಳಲ್ಲಿ 35 ಅಂದರೆ ತಂಪು ಹೊತ್ತು. ಮೊನ್ನೆ ಕರೆಂಟ್ ಹೋಗಿ ಕೂಲರ್ ನಿಂತಾಗ ಟ್ಯಾಬ್ ಕಾದು, ಬಹಳ ಬಿಸಿಯಾಗಿದೆ ಅಂತ ಸೂಚನೆ ತೋರಿಸಿ ಕಪ್ಪಾಯಿತು. ಮಗಳು ಫ್ರಿಜ್ಜಿನಲ್ಲಿಡಲು ಹೊರಟಳು. ಒಳಗೆ ನೀರು ಹನಿಗಟ್ಟುತ್ತದೆ ಅಂತ ತಡೆದೆ. ಅಷ್ಟರಲ್ಲಿ ಕಾಕಾ ಅಡುಗೆಮನೆಯಿಂದ ಒಂದು ಉಳ್ಳಾಗಡ್ಡಿ ತಂದು ಅದರ ಪಕ್ಕ ಇಟ್ಟರು. “ಝಳ ಬಡದದ. ಪಾಪ, ಪರಊರಿಂದು.” ಕರೆಂಟ್ ಬಂದ ಮೇಲೆ ನಾವೆಲ್ಲ ಬೆವರುತ್ತ ಗೋಡೆಗೆ ಸರಿದು, ಕೂಲರಿನ ಗಾಳಿಯೆಲ್ಲ ಟ್ಯಾಬಿಗೆ ಬಿಟ್ಟೆವು. ಸ್ವಲ್ಪ ಹೊತ್ತಿಗೆ ಅದು ಕಣ್ಣು ಬಿಟ್ಟಿತು. ಉಳ್ಳಾಗಡ್ಡಿಯ ಗುಣ ಅಂತ ಕಾಕಾ ಓಣಿಯಲ್ಲಿ ಹೇಳಿಕೊಂಡು ಬಂದಿದ್ದಾರೆ.

ಆದರೂ ಒಂದು ಮಧ್ಯಾಹ್ನ ಹೇಳಲೇಬೇಕು. ಕಾಕಾ ಅಂಗಿ ಕಿಸೆಯಿಂದ ಒಂದು ಹಳೆ ಫೋಟೋ ತೆಗೆದರು, ಗಂಜಿನದು. ತೊಗರಿ ಚೀಲದ ಥಪ್ಪಿ ಮುಂದೆ ಅಡತ್ ಅಂಗಡಿಯವರೆಲ್ಲ ನಿಂತಿದ್ದಾರೆ, ಮುಖಗಳು ಕಡಲೆಕಾಳಿಗಿಂತ ಸಣ್ಣವು. ಮಗಳು ಅದನ್ನು ಟ್ಯಾಬಿನಲ್ಲಿ ತೆಗೆದು, ಎರಡು ಬೆರಳಿನಿಂದ ಹಿಗ್ಗಿಸುವುದು ಹೇಗೆಂದು ತೋರಿಸಿದಳು. ಕಾಕಾ ಒಂದೊಂದೇ ಮುಖ ಹಿಗ್ಗಿಸಿದರು. ಇವರು ಸಾವಕಾರ್ರು. ಇವ ತೂಕ ಮಾಡಾಂವ, ಒಂದು ಕಾಳೂ ಆಚೀಚೆ ಮಾಡ್ತಿದ್ದಿಲ್ಲ. ಇವ ಹಮಾಲ, ನನ್ನ ಮದಿವ್ಯಾಗ ರಾತ್ರಿಯೆಲ್ಲಾ ಕುಣದಾಂವ. ಹಿಂದಿನ ಸಾಲಿನ ಮೂಲೆಯಲ್ಲಿ ಕಿವಿಗೆ ಪೆನ್ಸಿಲ್ ಸಿಗಿಸಿಕೊಂಡ ಸಣಕಲು ಹುಡುಗನ ಹತ್ತಿರ ಬಂದಾಗ ಏನೂ ಹೇಳಲಿಲ್ಲ. ಪರದೆ ಮಂಕಾದಾಗಲೆಲ್ಲ ಮುಟ್ಟಿ ಮತ್ತೆ ಬೆಳಕು ಮಾಡಿಕೊಂಡರು. ಅವತ್ತು ಬೆರಳು ಒಂದು ಸಲವೂ ನಾಲಗೆಗೆ ಹೋಗಲಿಲ್ಲ.

ಮರುದಿನ ಹೋಯಿತು ಬಿಡಿ.

ಅಂಗಡಿ ಹುಡುಗ ನಿನ್ನೆ ಫೋನ್ ಮಾಡಿದ್ದ, ಗಾರ್ಡ್ ಬಂದಿದೆಯಂತೆ. ಹಾಕಿಸಿಕೊಂಡು ಬಂದೆ. ಇನ್ನು ಗಾಜಾದರೂ ಉಳಿಯಿತು ಅಂತ ಟ್ಯಾಬನ್ನು ಧೈರ್ಯವಾಗಿ ಕಾಕಾನ ಕೈಗೆ ಕೊಟ್ಟೆ. ಅವರು ಬೆರಳು ಎಳೆದು ನೋಡಿ ಹುಬ್ಬು ಗಂಟಿಕ್ಕಿದರು. “ಜರಾ ಜಡ ಆಗ್ಯಾದ ತಮ್ಮಾ.” ಜಡವಾದ್ದಕ್ಕೆ ಈಗ ಎರಡು ಸಲ ನಾಲಗೆಗೆ ಮುಟ್ಟಿಸುತ್ತಿದ್ದಾರೆ. ಹೋಗುವಾಗ ಬಾಗಿಲಲ್ಲಿ ನಿಂತು, “ಐತಾರ ಪೂರಾ ಚಾರ್ಜ್ ಮಾಡಿ ಇಡು, ಸೇಡಂದಿಂದ ನಮ್ಮ ಬೀಗರು ಬರ್ಲಾಕತ್ತಾರ, ಅವರಿಗೂ ಪೇಪರ್ ಓದೂದಂದ್ರ ಜೀವ” ಅಂದರು.

“ಆಗಲಿ ಕಾಕಾ. ಬೀಗರು ಏನ್ ಮಾಡ್ತಿದ್ರಿ?”

“ಅವರೂ ಮುನೀಮರೇ.”