ಪೆಟ್ರೋಲಿನೊಳಗಿನ ಕಬ್ಬು

ಕಳೆದ ವಾರ ಜಮಖಂಡಿಯಿಂದ ಮುಧೋಳಕ್ಕೆ ಬರುವಾಗ ಪೆಟ್ರೋಲ್ ಬಂಕಿನ ಸಾಲಿನಲ್ಲಿ ನಿಂತಿದ್ದೆ. ಹಿಂದಿದ್ದ ಹಿರಿಯರೊಬ್ಬರು, "ತಮ್ಮಾ, ಇದರಾಗ ನಮ್ಮ ಕಬ್ಬಿನ ಸೆರೆನೂ ಕೂಡಸ್ತಾರಂತಲ್ಲೋ, ಖರೇನ?" ಎಂದು ಕೇಳಿದರು. "ಖರೇರಿ ಕಾಕಾ, ನೂರಕ್ಕ ಇಪ್ಪತ್ತು ಪಾಲು" ಎಂದೆ. "ಹಂಗಾರ ಗಾಡಿಗೆ ನಶಾ ಏರಂಗಿಲ್ಲೇನು?" ಎಂದು ನಕ್ಕರು. ನಗೆಯ ಮಾತಾದರೂ ಅದರಲ್ಲಿ ಸುಳ್ಳಿರಲಿಲ್ಲ. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಎಂದರೆ ಹೆಂಡದಲ್ಲಿರುವ ಮದ್ಯಸಾರವೇ.

ಕಲ್ಲಿದ್ದಲು, ಪೆಟ್ರೋಲಿಯಂ ಕೂಡ ಒಂದು ಕಾಲದ ಜೀವರಾಶಿಯೇ, ಆದರೆ ಕೋಟ್ಯಂತರ ವರ್ಷ ನೆಲದಡಿ ಹುದುಗಿದ್ದು. ಈಗಿನ ಬೆಳೆ, ಬೀಜ, ಸಗಣಿ, ಕಸದಿಂದ ಪಡೆಯುವುದು ಜೈವಿಕ ಇಂಧನ. ಅದು ಉರಿದಾಗ ಹೊರಬರುವ ಇಂಗಾಲವನ್ನು ಗಿಡವು ಇತ್ತೀಚೆಗಷ್ಟೇ ಗಾಳಿಯಿಂದ ಹೀರಿಕೊಂಡಿರುತ್ತದೆ ಎಂಬುದು ಅದರ ಪರವಾದ ಮುಖ್ಯ ವಾದ. ಆ ಗಿಡಕ್ಕೆ ಸುರಿದ ಯೂರಿಯಾ, ಹಾಯಿಸಿದ ನೀರು, ಟ್ರ್ಯಾಕ್ಟರಿನ ಡೀಸೆಲ್ ಇವೆಲ್ಲ ಲೆಕ್ಕಕ್ಕೆ ಬಂದಾಗ ಆ ವಾದ ಸ್ವಲ್ಪ ಸೊರಗುತ್ತದೆ. ಆದ್ದರಿಂದ ಇಂಧನದ ಹೆಸರಿಗಿಂತ ಅದರ ಮೂಲವನ್ನು ವಿಚಾರಿಸಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಬ್ಬನ್ನೇ ನೋಡಿ. ಕಬ್ಬಿನ ಹಾಲನ್ನು ಕುದಿಸಿ, ಹರಳುಗಟ್ಟಿಸಿ, ತೆಗೆಯಬಹುದಾದ ಸಕ್ಕರೆಯನ್ನೆಲ್ಲ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಅದಕ್ಕೆ ನೀರು ಬೆರೆಸಿ, ಯೀಸ್ಟ್ ಹಾಕಿ ಹುಳಿಯಿಸಿ, ಬಟ್ಟಿ ಇಳಿಸಿ, ಕೊನೆಗೆ ನೀರಿನಂಶವನ್ನು ಪೂರ್ತಿ ತೆಗೆದರೆ ಪೆಟ್ರೋಲಿಗೆ ಸೇರಿಸುವ ಎಥೆನಾಲ್ ಸಿಗುತ್ತದೆ. ಒಂದು ಟನ್ ಕಬ್ಬಿನಿಂದ ಸಕ್ಕರೆಯನ್ನೂ ಪಡೆದು, ಉಳಿದ ಕಾಕಂಬಿಯಿಂದ ಸುಮಾರು 10 ಲೀಟರ್ ಎಥೆನಾಲ್ ತೆಗೆಯಬಹುದು. ಅದೇ ಕಬ್ಬಿನ ಹಾಲನ್ನು ಸಕ್ಕರೆ ಮಾಡದೆ ನೇರವಾಗಿ ಹುಳಿಯಿಸಿದರೆ ಸುಮಾರು 70 ಲೀಟರ್ ಬರುತ್ತದೆ, ಸಕ್ಕರೆ ಮಾತ್ರ ಸೊನ್ನೆ. ಮೊದಲನೆಯದು ಉಳಿಕೆಯ ಸದುಪಯೋಗ. ಎರಡನೆಯದು ಕೃಷ್ಣೆ, ಘಟಪ್ರಭೆಯ ನೀರು ಕುಡಿದು ವರ್ಷಪೂರ್ತಿ ನಿಂತ ಬೆಳೆಯನ್ನು ಟ್ಯಾಂಕಿಗೆ ಸುರಿಯುವುದು. ಎರಡಕ್ಕೂ ಒಂದೇ ಹೆಸರು. ಮಳೆ ಕೈಕೊಟ್ಟ 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವೇ ಕಬ್ಬಿನ ಹಾಲಿನ ಎಥೆನಾಲಿಗೆ ತಡೆ ಹಾಕಿ, ಮುಂದಿನ ಹಂಗಾಮಿಗೆ ಅದನ್ನು ತೆರವುಗೊಳಿಸಿತು. ಸಕ್ಕರೆಗೂ ಇಂಧನಕ್ಕೂ ಪೈಪೋಟಿ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಗೋವಿನಜೋಳ ಮತ್ತು ನುಚ್ಚಕ್ಕಿಯಿಂದಲೂ ಎಥೆನಾಲ್ ಮಾಡುತ್ತಾರೆ. ಅಲ್ಲಿ ಪೈಪೋಟಿ ಕೋಳಿ, ದನಗಳ ಮೇವಿನೊಡನೆ.

ಮೈಲೇಜ್ ಇಳಿಯಿತೆಂಬ ದೂರಿನಲ್ಲೂ ಹುರುಳಿದೆ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೆಯ ಎರಡು ಭಾಗದಷ್ಟೇ.

ಬಯೋಡೀಸೆಲ್‌ನ ದಾರಿ ಬೇರೆ. ಹೊಂಗೆ, ಬೇವು ಮುಂತಾದ ಬೀಜಗಳ ಎಣ್ಣೆಗೆ ಅಥವಾ ಭಜಿ ಕರಿದು ಉಳಿದ ಎಣ್ಣೆಗೆ ಮೆಥೆನಾಲ್ ಮತ್ತು ಕಾಸ್ಟಿಕ್ ಸೋಡಾ ಸೇರಿಸಿದರೆ ಗ್ಲಿಸರಿನ್ ಬೇರ್ಪಟ್ಟು ಡೀಸೆಲ್‌ನಂಥ ದ್ರವ ಉಳಿಯುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಒಂದು ಶೇಂಗಾ ಎಣ್ಣೆಯಲ್ಲೇ ಓಡಿತ್ತು. ಬದುವಿನ ಮೇಲೆ ತಾನಾಗಿ ಬೆಳೆಯುವ ಹೊಂಗೆಗೆ ಕಾಲುವೆಯ ನೀರು ಬೇಡ, ಹೀಗಾಗಿ ಅದರ ಮೇಲೆ ನನಗೆ ಪಕ್ಷಪಾತವಿದೆ; ಬೀಜ ಆಯುವ ಕೂಲಿ ಗಿಟ್ಟುವುದಿಲ್ಲವೆಂಬುದೂ ಗೊತ್ತು.

ರವದಿಯ, ಎಂದರೆ ಕಬ್ಬಿನ ಒಣ ಎಲೆಯ, ಮಾತು ಬಂದರೆ ಮನಸ್ಸು ಚುರುಕ್ಕೆನ್ನುತ್ತದೆ. ಹರಿಯಾಣದ ಪಾಣಿಪತ್‌ನಲ್ಲಿ 2022ರಿಂದ ಭತ್ತದ ಹುಲ್ಲಿನಿಂದ ಎಥೆನಾಲ್ ತೆಗೆಯುವ ಘಟಕವಿದೆ. ನಮ್ಮಲ್ಲಿ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಡುತ್ತೇವೆ, ಇಲ್ಲವೇ ಹೊಲದಲ್ಲೇ ಮುಚ್ಚುತ್ತೇವೆ. ಮುಚ್ಚಿದ್ದು ಮಣ್ಣಿಗೆ ಬೇಕಾದದ್ದು, ಅದನ್ನು ಯಾರೂ ಕೇಳದಿರಲಿ, ಸುಡುವುದನ್ನಾದರೂ ಕೊಂಡೊಯ್ಯಲಿ.

ಕಾರ್ಖಾನೆಗಳಿಗೆ ನನ್ನದೊಂದು ಬೇಡಿಕೆಯಿದೆ. ಕಬ್ಬಿನ ದರ ಇಂದಿಗೂ ಸಕ್ಕರೆ ಇಳುವರಿಯ ಮೇಲೆ ನಿಂತಿದೆ. ಹಾಗಿರುವಾಗ ಕಬ್ಬು ತೂಗುವ ಕಾಟಾದ ಬಳಿಯ ಫಲಕದಲ್ಲಿ ಇಳುವರಿಯ ಜೊತೆಗೆ ಕಾಕಂಬಿಯಿಂದ ತೆಗೆದ ಎಥೆನಾಲ್ ಎಷ್ಟು, ಹಾಲಿನಿಂದ ತೆಗೆದದ್ದೆಷ್ಟು ಎಂದು ಪ್ರತಿದಿನ ಬರೆಯಿರಿ.